ಉದ್ದಂಡರಾಯನ ಮೂಗು, ಚೆಲುವಯ್ಯನ ಕತ್ತಿ

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಆಚೆ ಹೋಗಿ. ಒಂದಾನೊಂದು ಊರು, ಆ ಊರಿಗೊಬ್ಬ ರಾಜ. ಉದ್ದಂಡರಾಯ ಅಂತ ಹೆಸರು. ಹೆಸರಿನಷ್ಟು ಉದ್ದ ರಾಜ್ಯ ಇರಲಿಲ್ಲ. ಅವನ ಅರಮನೆಯ ಹುಂಜ ಕೂಗಿದರೆ ಪಕ್ಕದ ರಾಜ್ಯದವರು ಎದ್ದು ಮುಖ ತೊಳೆಯುತ್ತಿದ್ದರಂತೆ. ಅಷ್ಟಕ್ಕೇ ಏಳು ಛತ್ರಿ, ಏಳು ಚಾಮರ, ಏಳು ಜನ ಹೊಗಳುಭಟರು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಂತಾರಲ್ಲ, ಇವನು ಹಿಡಿಸಿಕೊಂಡೇ ಮಲಗುತ್ತಿದ್ದ.

ಆ ರಾಜನಿಗೆ ಕ್ಷೌರ ಮಾಡುವವನು ಹಡಪದ ಚೆಲುವಯ್ಯ. ಅವನ ಹೆಗಲಿಗೊಂದು ಚರ್ಮದ ಹಡಪ, ಅಂದರೆ ಸಾಮಾನಿನ ಚೀಲ. ಚೀಲದಲ್ಲಿ ಒಂದು ನೀರಿನ ಬಟ್ಟಲು, ಒಂದು ಸಾಣೆಕಲ್ಲು, ಒಂದು ಕತ್ತಿ. ಕತ್ತಿ ಏಳು ತಲೆಮಾರಿನದು. ಮುತ್ತಜ್ಜ ತಾತನಿಗೆ ಕೊಟ್ಟ, ತಾತ ಅಪ್ಪನಿಗೆ ಕೊಟ್ಟ, ಅಪ್ಪ ಇವನಿಗೆ ಕೊಟ್ಟ. ಮಸೆದು ಮಸೆದು ಬಿದಿರೆಲೆಯಷ್ಟು ತೆಳ್ಳಗಾಗಿತ್ತಂತೆ. ಮೊದಲು ಕಲ್ಲಿನ ಮೇಲೆ ಉಜ್ಜುತ್ತಿದ್ದ. ಆಮೇಲೆ ತನ್ನ ಎಡ ಅಂಗೈ ಮೇಲೆ ಇತ್ತ ಏಳು ಸಲ, ಅತ್ತ ಏಳು ಸಲ ಎಳೆಯುತ್ತಿದ್ದ. ಅಂಗೈ ಜಡ್ಡುಗಟ್ಟಿ ಎಮ್ಮೆಯ ಚರ್ಮದ ಹಾಗಿತ್ತು. ಹಾಗೆ ಎಳೆದ ಮೇಲೆ ರಾಜನ ಮೂಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮೇಲೆತ್ತಿ, ಮೀಸೆ ತೀಡುತ್ತಿದ್ದ. ರಾಜ ಸುಖವಾಗಿ ಕಣ್ಣು ಮುಚ್ಚುತ್ತಿದ್ದ.

ಹೀಗಿರುವಾಗ ಪಕ್ಕದ ರಾಜ ತನ್ನ ಮಗಳಿಗೆ, ಇನ್ನೂ ಮದುವೆಯಾಗದ ಉದ್ದಂಡರಾಯನನ್ನೇ ಗಂಡು ನೋಡಲು ಹುಣ್ಣಿಮೆಯ ದಿನ ಬರುತ್ತೇನೆ ಅಂತ ಹೇಳಿಕಳಿಸಿದನಂತೆ. ಆಗ ಒಬ್ಬ ಹೊಗಳುಭಟ, ತಿಂದ ಅನ್ನ ಅರಗಲೆಂದೋ ಏನೋ, ಬಾಯಿ ಬಿಟ್ಟ.

"ಮಹಾಪ್ರಭು, ತಮ್ಮ ಮೂಗನ್ನ ಒಬ್ಬ ಚೌರದವನು ಹಿಡಿಯೋದೇ? ಬೀಗರು ನೋಡಿದರೆ ಏನಂದಾರು?"

ಇಷ್ಟು ವರ್ಷ ಇಲ್ಲದ ಮಾನ ರಾಜನಿಗೆ ಆಗ ಬಂತು, ಪುಣ್ಯಾತ್ಮನಿಗೆ! ಚೆಲುವಯ್ಯನನ್ನು ಕರೆಸಿದ.

"ಇನ್ನು ಮೇಲೆ ನಿನ್ನ ಕೈ ನನ್ನ ಮುಖಕ್ಕೆ ಸೋಕಕೂಡದು. ಬರೀ ಕತ್ತಿ ಸೋಕಬೇಕು."

"ಬುದ್ಧೀ, ಮೂಗು ಹಿಡೀದೆ ಮೀಸೆ ಹೆಂಗೆ ತೀಡ್ಲಿ? ಕೆನ್ನೆ ಎಳೀದೆ ಗಡ್ಡ ಹೆಂಗೆ ತೆಗೀಲಿ?"

"ಕ್ಷೌರ ಮಾಡೋದು ಕತ್ತಿಯೋ, ನೀನೋ?"

ಚೆಲುವಯ್ಯ ಕತ್ತಿಯನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿಕೊಂಡ.

"ಕತ್ತಿಯೇ ತಾನೆ? ಹಾಗಾದರೆ ಕತ್ತಿ ಇಲ್ಲಿರಲಿ, ನೀನು ಹೋಗು," ಅಂದ ರಾಜ. ಕತ್ತಿ, ಕಲ್ಲು, ಬಟ್ಟಲು, ಹಡಪ, ಎಲ್ಲ ಕಿತ್ತುಕೊಂಡು ಕತ್ತಿಯನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿ ಇಡಿಸಿದನಂತೆ. ಇದು ಇನ್ನು ರಾಜಮನೆತನದ ಕತ್ತಿ ಅಂತ ಡಂಗುರವೂ ಆಯಿತು.

ಚೆಲುವಯ್ಯ ಬರಿಗೈಯಲ್ಲಿ ಮನೆಗೆ ಬಂದು ಜಗಲಿ ಮೇಲೆ ಕುಸಿದ. ಊರಿನ ಮನೆಮನೆಯವರ ತಲೆ ಬೋಳಿಸಿದರೆ ಸುಗ್ಗಿಯಲ್ಲಿ ಮನೆಮನೆಯಿಂದ ರಾಗಿ ಬರುತ್ತಿತ್ತು. ಕತ್ತಿ ಹೋದರೆ ರಾಗಿಯೂ ಹೋಯಿತು. ಅದಕ್ಕಿಂತ, ತಲೆತಲಾಂತರದಿಂದ ಕಾಪಾಡಿಕೊಂಡು ಬಂದದ್ದನ್ನು ತಾನು ಕಳೆದೆನಲ್ಲ ಅಂತ ಅವನಿಗೆ ಅಳುವೇ ಬಂತಂತೆ.

ಹೆಂಡತಿ ಸಾಕಮ್ಮ ಅವನ ಎಡಗೈ ಹಿಡಿದು ತಿರುಗಿಸಿ ನೋಡಿದಳು.

"ಇದನ್ನೂ ಪೆಟ್ಟಿಗೇಲಿ ಇಟ್ಕೊಂಡ್ರಾ ನಿಮ್ಮ ದೊರೆ?"

"ಇಲ್ಲ ಕಣೆ."

"ಹಂಗಾದ್ರೆ ಅಳ್ಬೇಡಿ, ಉಣ್ಣೇಳಿ. ಅವ್ರೇ ಕರೀತಾರೆ."

ಇತ್ತ ಅರಮನೆಯಲ್ಲಿ ಮೊದಲನೇ ದಿನ ದಳವಾಯಿ ಕತ್ತಿ ಹಿಡಿದ. ಯುದ್ಧಕ್ಕೆ ನಿಂತ ಹಾಗೆ ಕಾಲು ಅಗಲಿಸಿ ಬೀಸಿದ. ರಾಜನ ಕಿವಿಯ ಅಂಚು ಹೋಯಿತು. ಎರಡನೇ ದಿನ ಆಸ್ಥಾನದ ಪಂಡಿತ ಒಳ್ಳೆಯ ಮುಹೂರ್ತ ನೋಡಿ ಕತ್ತಿ ಹಿಡಿದ. ಮುಹೂರ್ತ ಚೆನ್ನಾಗಿತ್ತು, ಅರ್ಧ ಮೀಸೆ ಹೋಯಿತು. ಮೂರನೇ ದಿನ ಅಡುಗೆಯವನು ಬಂದು ಸೌತೆಕಾಯಿ ಹೆರೆದ ಹಾಗೆ ಕೆನ್ನೆ ಹೆರೆದ. ಅಷ್ಟರಲ್ಲಿ ಕತ್ತಿ ಮೊಂಡಾಗಿ ಬೆಣ್ಣೆಯನ್ನೂ ಕತ್ತರಿಸದಂತಾಗಿತ್ತಂತೆ. ಕತ್ತಿಯೇ ಕೆಟ್ಟದ್ದು ಅಂದರು ಮೂವರೂ. ಕುಣಿಯಲಾರದವಳು ನೆಲ ಡೊಂಕು ಅಂದಳಲ್ಲ, ಹಾಗೆ.

ಹುಣ್ಣಿಮೆ ಬಂದೇಬಿಟ್ಟಿತು. ಬೀಗರು ಊರ ಗಡಿ ದಾಟಿದರು. ಗಡಿ ದಾಟಿದರೆ ಅರಮನೆಗೆ ಎಷ್ಟು ಹೊತ್ತು? ಗಂಡು ನೋಡಿದರೆ ಅರ್ಧ ಮೀಸೆ, ಕಾಲು ಗಡ್ಡ, ಮುಕ್ಕಾಲು ಕಿವಿ. ಓಡಿ, ಚೆಲುವಯ್ಯನನ್ನು ಎಳೆದು ತನ್ನಿ ಅಂತ ರಾಜ ಕೂಗಿಕೊಂಡ.

ಚೆಲುವಯ್ಯ ಬಂದ. ಕತ್ತಿ ನೋಡಿದ. ಕಲ್ಲಿನ ಮೇಲೆ ಉಜ್ಜಿದ. ಉಜ್ಜಿ ನಿಲ್ಲಿಸಿದ.

"ಬುದ್ಧೀ, ಇನ್ನು ಅಂಗೈ ಮೇಲೆ ಎಳೀಬೇಕು. ಎಳೀದಿದ್ರೆ ಹದ ಬರಲ್ಲ."

"ಎಳೆಯೋ ಮತ್ತೆ!"

"ನನ್ನ ಕೈ ಸೋಕಕೂಡದು ಅಂತ ಅಪ್ಪಣೆ ಆಗೈತೆ. ನನ್ನ ಅಂಗೈಗೆ ತಾಗಿದ್ದು ನಿಮ್ಮ ಮುಖಕ್ಕೆ ತಾಗೋದಾ? ಕತ್ತಿ ನಿಮ್ದು. ಕೈಯೂ ನಿಮ್ದೇ ಆಗ್ಬೇಕು. ಚಾಚಿ ಬುದ್ಧೀ."

ರಾಜ ಕೈ ಚಾಚಿದ. ಅನ್ನ ಕಲಸುವುದು ಬಿಟ್ಟು ಬೇರೆ ಕೆಲಸ ಕಾಣದ ಕೈ. ಚೆಲುವಯ್ಯ ಕತ್ತಿಯ ಬೆನ್ನನ್ನು ಮೆಲ್ಲಗೆ ಅಂಗೈಗೆ ಮುಟ್ಟಿಸಿದ, ಅಷ್ಟೇ.

"ಅಯ್ಯಯ್ಯೋ, ಸತ್ತೆ!" ಅಂತ ರಾಜ ಕೈ ಕಿತ್ತುಕೊಂಡ.

"ಇನ್ನೂ ಹದಿನಾಲ್ಕು ಸಲ ಐತೆ ಬುದ್ಧೀ."

ರಾಜ ಸುತ್ತ ನೋಡಿದ. ದಳವಾಯಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಪಂಡಿತ ಶಾಲಿನೊಳಗೆ ಇಟ್ಟುಕೊಂಡ. ಪ್ರಾಣ ಕೊಡುತ್ತೇವೆ ಅಂತ ದಿನಾ ಹಾಡುತ್ತಿದ್ದ ಏಳು ಹೊಗಳುಭಟರು ಕಂಬದ ಹಿಂದೆ ಹೋದರಂತೆ. ಥೂ, ಅವರ ಬಾಳಿಗೆ! ಹೊರಗೆ ಬೀಗರ ಕಹಳೆ ಕೇಳಿಸಿತು.

"ನಿನ್ನ ಕೈ ಮೇಲೇ ಎಳೆಯೋ ಮಾರಾಯ!"

"ನನ್ನ ಕೈ ಮೇಲೆ ಎಳೀಬೇಕಾದ್ರೆ ಕತ್ತಿ ನಂದಾಗ್ಬೇಕು. ಯಾರ್ದು ಬುದ್ಧೀ ಈ ಕತ್ತಿ?"

"ನಿಂದೇ!"

"ಕಲ್ಲು, ಬಟ್ಟಲು, ಹಡಪ?"

"ಎಲ್ಲ ನಿಂದೇ, ನಿನ್ನ ಮಕ್ಕಳದೇ, ಮೊಮ್ಮಕ್ಕಳದೇ! ಬೇಗ ಮಾಡೋ!"

"ಮೂಗು?"

"ಹಿಡ್ಕೋ!"

ಚೆಲುವಯ್ಯ ತನ್ನ ಅಂಗೈ ಮೇಲೆ ಇತ್ತ ಏಳು ಸಲ, ಅತ್ತ ಏಳು ಸಲ ಎಳೆದ. ಕತ್ತಿಗೆ ಹದ ಬಂತು. ರಾಜನ ಮೂಗು ಹಿಡಿದು ಮೇಲೆತ್ತಿ, ಉಳಿದ ಅರ್ಧ ಮೀಸೆಗೆ ಕತ್ತಿ ಇಟ್ಟ. ಸರಿಯಾಗಿ ಆಗಲೇ ಬೀಗರು ಒಳಗೆ ಬಂದರಂತೆ. ರಾಜ ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಕೊಸರುವ ಹಾಗಂತೂ ಇಲ್ಲವೇ ಇಲ್ಲ.

ಪಕ್ಕದ ರಾಜ ಮುದುಕ, ತಿಳಿದವನು. ಬಗ್ಗಿ ನೋಡಿದ.

"ಒಳ್ಳೇ ಕೈ ಕಣಯ್ಯಾ ನಿಂದು. ನಮ್ಮೂರಲ್ಲೂ ಹೀಗೇ ಹಿಡೀತಾರೆ. ಹಿಡಿಸಿಕೊಳ್ಳದೆ ಮೀಸೆ ತೀಡಿಸೋಕಾಗುತ್ತಾ? ಇವರದ್ದಾದ ಮೇಲೆ ನಂದೂ ಸ್ವಲ್ಪ ನೋಡು," ಅಂದು ಚಾಪೆಯ ಮೇಲೆ ಕಾಲು ಮಡಚಿ ಕೂತೇಬಿಟ್ಟನಂತೆ. ಕಂಬದ ಹಿಂದಿದ್ದವರ ಮುಖ ಆಗ ನೋಡಬೇಕಿತ್ತು ನೀವು.

ಮದುವೆ ಆಯಿತಂತೆ, ಮೀಸೆ ಇಲ್ಲದ ಗಂಡಿಗೆ. ಆ ಹುಡುಗಿಯ ಕಷ್ಟ ಆ ಹುಡುಗಿಗೆ. ಕತ್ತಿ ಚೆಲುವಯ್ಯನ ಮನೆ ಸೇರಿತು, ಎಂಟನೇ ತಲೆಗೂ ದಾಟಿತು. ಆದರೆ ಅಂದಿನಿಂದ ಅರಮನೆಯಲ್ಲಿ ಒಂದು ಪದ್ಧತಿ ಉಳಿಯಿತು. ಕ್ಷೌರಕ್ಕೆ ಕೂತಾಗ ಚೆಲುವಯ್ಯ ರಾಜನ ಮೂಗು ಹಿಡಿದು, "ಕತ್ತಿ ಯಾರ್ದು ಬುದ್ಧೀ?" ಅಂತ ಕೇಳುತ್ತಿದ್ದನಂತೆ. ಹಿಡಿದ ಮೂಗಲ್ಲೇ, ಗೊಣಗೊಣ ಅಂತ, "ನಿಂದೇ, ನಿಂದೇ" ಅನ್ನುತ್ತಿದ್ದನಂತೆ ಉದ್ದಂಡರಾಯ.

ಕತ್ತಿ ಹಡಪ ಸೇರಿತು, ಕಥೆ ನಿಮ್ಮ ಕಿವಿ ಸೇರಿತು. ಏಳಿ, ನಿಮ್ಮ ನಿಮ್ಮ ಮೂಗು ಮುಟ್ಟಿ ನೋಡಿಕೊಂಡು ಮನೆಗೆ ನಡೆಯಿರಿ.