ಕಲ್ಲಿನ ಮೊನೆಗೆ ಸಿಕ್ಕ ಹುಲಿ

ಕಣಿವೆಕೋಟೆಯ ಪಾಳೇಗಾರ ಹಿರಿಯಪ್ಪ ನಾಯಕನಿಗೆ ಬೇಟೆಯ ಹುಚ್ಚು. ಕಬ್ಬಿಣದ ಬಾಣ ಅವನಿಗಾಗದು. ಮುತ್ತಾತ ಬಿಡುತ್ತಿದ್ದಂಥ ಕಲ್ಲಿನ ಮೊನೆಯ ಬೆತ್ತದ ಬಾಣವೇ ಬೇಕು. ಮುತ್ತಾತನ ಗುರಿಯೊಂದು ಮಾತ್ರ ಅವನಿಗೆ ಬಂದಿರಲಿಲ್ಲ, ಪಾಪ.

ಒಂದು ದಿನ ಕಾಡಿನಿಂದ ಬಂದವನೇ ಸಭೆಯಲ್ಲಿ ಗುಡುಗಿದ.

"ಹುಲಿಯ ಹಣೆಗೇ ಹೊಡೆದೆ! ಕಟ್ಟು ಬಿಚ್ಚಿ ಕಲ್ಲು ಉದುರಿತು, ಹುಲಿ ಓಡಿಹೋಯಿತು. ಬೇಟೆಯ ಚರ್ಮ ಹೊಡೆದವನಿಗೆ ಅಂತಾರೆ, ನನ್ನ ಗೋಡೆ ನೋಡಿದರೆ ಬರಿದು! ಆ ಬಾಣ ಮಾಡಿದ ಓಬಯ್ಯನನ್ನು ಸೀಮೆ ದಾಟಿಸಿ!"

ಮುದುಕ ಓಬಯ್ಯ ಮುಂದೆ ಬಂದು ಅಡ್ಡಬಿದ್ದ. "ಬುದ್ಧೀ, ಬೆತ್ತದ ತುದಿ ಸೀಳಿ ಕಲ್ಲು ಕೂರ್ಸಿವ್ನಿ. ಜಿಂಕೆ ನರ ಹಸೀದೇ ಸುತ್ತಿವ್ನಿ, ಒಣಗ್ದಷ್ಟೂ ಬಿಗಿಯಾಯ್ತದೆ. ಬೆತ್ತ ಮುರಿದ್ರೂ ಕಟ್ಟು ಬಿಚ್ಚಾಕಿಲ್ಲ. ಈ ವಯಸ್ನಾಗೆ ಹಟ್ಟಿ ಬಿಟ್ಟು ಎಲ್ಲಿಗೋಗ್ಲಿ?"

ಆಸ್ಥಾನದ ಮಾತುಗಾರ ಮಲ್ಲರಸನಿಗೆ ಮುದುಕನನ್ನು ನೋಡಿ ಕರುಳು ಚುರ್ ಎಂದಿತು. ಎದ್ದು ಕೈಮುಗಿದ.

"ದೊರೆ, ಆ ಬಾಣದ ಗುರುತೇನು?"

"ಎರಡು ನವಿಲುಗರಿ, ನನ್ನ ಕೆಂಪು ದಾರ. ಅಂಥದು ಈ ಸೀಮೆಯಲ್ಲೇ ಇನ್ನೊಂದಿಲ್ಲ. ಬಿಟ್ಟದ್ದೂ ಒಂದೇ!"

"ಹುಲಿ ನಿಂತದ್ದೆಲ್ಲಿ?"

"ಹಳ್ಳದ ದಂಡೆಯಲ್ಲಿ."

"ಹಾಗಾದರೆ ಸಂಜೆಯವರೆಗೆ ಸಮಯ ಕೊಡಿ. ಹುಲಿಯನ್ನೇ ತರುತ್ತೇನೆ."

ಸಂಜೆ ನಾಲ್ಕು ಆಳುಗಳು ಕಂಬಳಿ ಮುಚ್ಚಿದ ಬಿದಿರ ತಟ್ಟಿಯೊಂದನ್ನು ಹೊತ್ತು ತಂದರು. ಮಲ್ಲರಸ ಕಂಬಳಿ ಸರಿಸಿದ. ಅಡಿಯಲ್ಲಿದ್ದದ್ದು ದೊಡ್ಡ ಹಲಸಿನಹಣ್ಣು. ಅದರ ನಟ್ಟನಡುವೆ ನವಿಲುಗರಿಯ ಬಾಣ! ನಾಯಕ ಬಗ್ಗಿ ನೋಡಿದ.

"ಇದು ಹಲಸಿನಹಣ್ಣು ಕಣಯ್ಯ!"

"ಈಗ ಹಾಗೆ ಕಾಣುತ್ತದೆ, ದೊರೆ. ಹಳ್ಳದ ದಂಡೆಯ ಮರದಲ್ಲೇ ಸಿಕ್ಕಿತು. ತಮ್ಮ ಏಟಿಗೆ ಹೆದರಿ ಹುಲಿಗೆ ಮೈಯೆಲ್ಲ ಮುಳ್ಳೆದ್ದಿರಬೇಕು. ಅನುಮಾನವಿದ್ದರೆ ಬಾಣ ಎಳೆದು ನೋಡಿ. ಕಲ್ಲು ಉದುರಿದ್ದರೆ ಸಲೀಸಾಗಿ ಬರಬೇಕಲ್ಲ?"

ನಾಯಕ ಎಳೆದ. ಬಾಣ ಬರಲಿಲ್ಲ, ಹಣ್ಣೇ ಮೇಲೆದ್ದಿತು. ಮೀಸೆ ಕಚ್ಚಿ ಜಗ್ಗಿದ. ಹಣ್ಣು ಬಾಣಕ್ಕೆ ಜೋತುಬಿದ್ದು ಅವನ ಹೊಟ್ಟೆಗೇ ಬಡಿಯಿತು.

ಮಲ್ಲರಸ ಮೆಲ್ಲಗೆ ಹೇಳಿದ: "ಕಟ್ಟು ಗಟ್ಟಿಯಾಗಿದೆ, ದೊರೆ. ಇದು ಹುಲಿಯಾದರೆ ಬೇಟೆ ಸಿಕ್ಕಿತು. ಹಣ್ಣಾದರೆ ಓಬಯ್ಯನ ತಪ್ಪೇನು?"

ನಾಯಕ ಹಣ್ಣನ್ನು ನೋಡಿದ, ಬಾಣವನ್ನು ನೋಡಿದ. ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದು ನಕ್ಕ.

"ಓಬಯ್ಯ, ನಿನ್ನ ಹಟ್ಟಿಯಲ್ಲೇ ಸುಖವಾಗಿರು. ಇದನ್ನು ತಗೋ" ಎಂದು ಕೈಯ ಬೆಳ್ಳಿ ಕಡಗ ಬಿಚ್ಚಿಕೊಟ್ಟ. "ಮಲ್ಲರಸ, ನಿನಗೇನು ಬೇಕು?"

"ಕೈಗೆ ಎಣ್ಣೆ ಹಚ್ಚಿಸಿ ಹುಲಿಯನ್ನು ಕುಯ್ಯಿಸಿ, ದೊರೆ. ತೊಳೆ ನಮಗೆಲ್ಲ ಇರಲಿ. ಚರ್ಮ ಮಾತ್ರ ಹೊಡೆದವರಿಗೇ ಸೇರಬೇಕು. ತಮ್ಮ ಗೋಡೆ ಬರಿದಾಗಿದೆಯಲ್ಲ!"