ಬೈಯುವ ಖಾನಾವಳಿ

"ಗುರುಗಳೇ, ನಾನೂ ಬೈಯುವುದನ್ನು ಕಲಿಯಬೇಕೇ?" ಎಂದು ಶಿಷ್ಯ ಕೇಳಿದ.

ಗುರು ಅವನನ್ನು ವರ್ಷದ ಹಿಂದೆ ಪಕ್ಕದ ಊರಿನ ಮಠಕ್ಕೆ ಕಳಿಸಿದ್ದರು. ಅಲ್ಲಿ ಅವನು ದಿನವೂ ಸಂಜೆ ಪ್ರವಚನ ಮಾಡುತ್ತಿದ್ದ. ಬಂದವರನ್ನು ಬಾಗಿಲಲ್ಲೇ ಕೈಮುಗಿದು ಬರಮಾಡಿಕೊಳ್ಳುತ್ತಿದ್ದ. ಯಾರ ಮನಸ್ಸಿಗೂ ನೋವಾಗದಂತೆ ತೂಗಿ ತೂಗಿ ಮಾತಾಡುತ್ತಿದ್ದ. ಆದರೂ ಮೊದಲ ತಿಂಗಳು ತುಂಬಿದ್ದ ಪಡಸಾಲೆಯಲ್ಲಿ ಈಗ ನಾಲ್ಕು ಮಂದಿ ಕೂರುತ್ತಿದ್ದರು. ಅವರಲ್ಲಿ ಇಬ್ಬರು ಪ್ರಸಾದದ ಹೊತ್ತು ನೋಡಿಕೊಂಡು ಬರುವವರು. ಇಲ್ಲಿ ನೋಡಿದರೆ ಗುರುಗಳು ಬಂದವರನ್ನೆಲ್ಲ ಗದರುತ್ತಾರೆ, ಆದರೂ ಜಗುಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇದನ್ನೆಲ್ಲ ಶಿಷ್ಯ ಹೇಳಿಕೊಂಡ. ಇದರಲ್ಲಿ ಏನೋ ಗುಟ್ಟಿದೆ, ಅದನ್ನು ತನಗೂ ತಿಳಿಸಬೇಕು ಎಂದ.

ಗುರು ಕೂರಲು ಸನ್ನೆ ಮಾಡಿ ಈ ಕತೆ ಹೇಳಿದರು.

ಹತ್ತಿ, ಮೆಣಸಿನಕಾಯಿ ತುಂಬಿದ ಎತ್ತಿನ ಗಾಡಿಗಳು ಪೇಟೆಗೆ ಹೋಗುವ ದಾರಿಯಲ್ಲಿ ಒಂದು ಕೂಡುರಸ್ತೆ. ಅಲ್ಲಿ ಫಕೀರವ್ವ ಎಂಬ ಮುದುಕಿ ಖಾನಾವಳಿ ನಡೆಸುತ್ತಿದ್ದಳು. ಗಾಡಿಯವರು ಎತ್ತು ಬಿಚ್ಚಿ ಅಲ್ಲಿ ರೊಟ್ಟಿ ಉಂಡು ಮುಂದೆ ಹೋಗುತ್ತಿದ್ದರು. ಮಾಡಿಗೆ ಹುಲ್ಲು ಹೊದಿಸಿತ್ತು. ಕೂರುವ ಹಲಗೆ ಅಲುಗಾಡುತ್ತಿತ್ತು. ಫಲಕವಂತೂ ಇರಲೇ ಇಲ್ಲ. ಇದ್ದಿದ್ದು ಮುದುಕಿಯ ಬಾಯಿ. ಅದು ಅರ್ಧ ಹರದಾರಿಗೆ ಕೇಳಿಸುತ್ತಿತ್ತು.

ಒಮ್ಮೆ ಒಬ್ಬ ಬಟ್ಟೆ ವರ್ತಕ ಆ ದಾರಿಯಲ್ಲಿ ಹೋಗುತ್ತಿದ್ದ. ಖಾನಾವಳಿಯ ಮುಂದೆ ಎತ್ತು ಬಿಚ್ಚಿ ಸಾಲಾಗಿ ನಿಲ್ಲಿಸಿದ್ದ ಗಾಡಿಗಳನ್ನು ಕಂಡು ಅವನು ಬೆರಗಾದ. ಒಳಗಿನಿಂದ ಬರುತ್ತಿದ್ದ ಬೈಗುಳ ಕೇಳಿ ಇನ್ನೂ ಬೆರಗಾದ. ಇಂಥ ಹರಕು ಮಾಡಿನ ಕೆಳಗೆ, ಇಷ್ಟು ಬೈಸಿಕೊಂಡು ಉಣ್ಣುವ ಜನ, ಒಳ್ಳೆಯ ಜಾಗದಲ್ಲಿ ಒಳ್ಳೆಯ ಮಾತಿನೊಡನೆ ಬಡಿಸಿದರೆ ಓಡೋಡಿ ಬರುವುದಿಲ್ಲವೇ ಎಂದುಕೊಂಡ. ಆ ಲೆಕ್ಕಾಚಾರ ಅವನ ನಿದ್ದೆ ಕೆಡಿಸಿತು. ಬಟ್ಟೆಯಂಗಡಿಯನ್ನು ತಮ್ಮನಿಗೆ ಒಪ್ಪಿಸಿದ. ಹೆಂಡತಿ ಬೇಡವೆಂದಳು. ಸೋತು ಬಂದರೆ ಮತ್ತೆ ತಮ್ಮನ ಅಂಗಡಿಯಲ್ಲಿ ಆಳಾಗಿ ಗಜಕೋಲು ಹಿಡಿಯುತ್ತೇನೆ ಎಂದು ಎಲ್ಲರೆದುರು ಹೇಳಿ ಹೊರಟುಬಂದ.

ಮುದುಕಿಯ ಖಾನಾವಳಿಯ ಎದುರಿಗೇ ಅವನ ಭೋಜನಶಾಲೆ ಎದ್ದಿತು. ಹೆಂಚಿನ ಮಾಡು, ಸುಣ್ಣ ಬಳಿದ ಗೋಡೆ, ಅಲುಗದ ಹಲಗೆಗಳು, ಮುಖ ಕಾಣುವಂತೆ ಬೆಳಗಿದ ಹಿತ್ತಾಳೆಯ ಲೋಟಗಳು. ಬಾಗಿಲ ಮೇಲೆ ದೊಡ್ಡ ಫಲಕ: 'ಆನಂದ ಭೋಜನ ಮಂದಿರ. ಗಿರಾಕಿಯೇ ನಮ್ಮ ದೇವರು.' ಗಾಡಿಯವರಿಗೆ ಓದಲು ಬರುತ್ತಿರಲಿಲ್ಲ. ಆದ್ದರಿಂದ ವರ್ತಕ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಅದನ್ನು ತಾನೇ ಓದಿ ಹೇಳುತ್ತಿದ್ದ.

ಮೊದಲ ದಿನ ನೋಡುವ ಆಸೆಗೆ ಜನ ಬಂದರು. ವರ್ತಕ ಅವರ ಮೇಲೆ ಪನ್ನೀರು ಚಿಮುಕಿಸಿದ. ದಾರಿಯ ಧೂಳಿನ ಮೇಲೆ ಪನ್ನೀರು ಬಿದ್ದು ಮುಖವೆಲ್ಲ ಕೆಸರಾಯಿತು. ಗೋಡೆಗೆ ಬೆನ್ನು ತಾಗಿದರೆ ಕೊಳೆಯಾದೀತೆಂದು ಅವರು ಸೆಟೆದು ಕೂತರು. ಒಂದೊಂದು ತುತ್ತಿಗೂ ವರ್ತಕ ಬಗ್ಗಿ ಹೇಗಿದೆ ಎಂದು ಕೇಳಿದ. ಬಾಯಿ ತುಂಬ ರೊಟ್ಟಿ ಇದ್ದವರು ಅದನ್ನು ನುಂಗಿ ಚೆನ್ನಾಗಿದೆ ಎನ್ನಬೇಕಾಯಿತು. ಒಬ್ಬ ಮೆಣಸಿನಕಾಯಿ ಗಾಡಿಯವನು ಹನ್ನೊಂದು ಸಲ ಚೆನ್ನಾಗಿದೆ ಎಂದ. ಅಷ್ಟರಲ್ಲಿ ಪಲ್ಯ ಆರಿ ತಣ್ಣಗಾಗಿತ್ತು. ಮರುದಿನ ಅವನು ಎತ್ತು ಬಿಚ್ಚಿದ್ದು ಎದುರುಗಡೆ.

ವರ್ತಕ ಎದೆಗುಂದಲಿಲ್ಲ. ಊಟದ ಜೊತೆ ಸಿಹಿಗೆಂದು ಸಜ್ಜಕ ಬಡಿಸಿದ. ಯಾರೂ ಬರಲಿಲ್ಲ. ಬಿಟ್ಟಿ ಎಲೆ ಅಡಿಕೆ ಇಟ್ಟ. ಆಗ ಎಲ್ಲರೂ ಬಂದರು. ಮುದುಕಿಯಲ್ಲಿ ಉಂಡು ಕೈ ತೊಳೆದು, ರಸ್ತೆ ದಾಟಿ ಬಂದು, ವರ್ತಕನ ಎಲೆ ಅಡಿಕೆ ಹಾಕಿಕೊಂಡು, ಅವನ ಫಲಕವನ್ನು ಹೊಗಳಿ ಹೋದರು.

ಆಗ ಅವನಿಗೆ ಮುದುಕಿಯ ಗುಟ್ಟನ್ನು ಕಣ್ಣಾರೆ ಕಾಣಲೇಬೇಕೆನಿಸಿತು. ಒಂದು ಮಧ್ಯಾಹ್ನ ಹಳೆಯ ಕಂಬಳಿ ಹೊದ್ದು, ರುಮಾಲನ್ನು ಹುಬ್ಬಿನವರೆಗೆ ಸುತ್ತಿ, ಗಾಡಿಯವರ ಸಾಲಿನಲ್ಲಿ ಹೋಗಿ ಕೂತ.

ಮುದುಕಿ ಬಡಿಸುತ್ತಲೇ ಬೈಯುತ್ತಿದ್ದಳು. ಒಬ್ಬನ ಮುಂದೆ ರೊಟ್ಟಿ ಹಾಕಹೋದವಳು ಕೈ ಹಿಂತೆಗೆದು, "ಯಮನಪ್ಪಾ, ನಿನ್ನ ಎಡಗಡೆ ಎತ್ತು ಕುಂಟಾಕ ಹತ್ತೇತಿ. ಅದರ ಕಾಲು ನೋಡದ ಉಣ್ಣಾಕ ಕುಂತಿಯಲ್ಲ, ನಾಚಿಕಿ ಇಲ್ಲೇನು ನಿನಗ? ಏಳು ಮೊದಲ," ಎಂದಳು. ಯಮನಪ್ಪ ಎದ್ದು ಹೋಗಿ ಎತ್ತಿನ ಗೊರಸಿನಿಂದ ಮುಳ್ಳು ಕಿತ್ತು, ಅದಕ್ಕೆ ಕಲ್ಲಿನ ತೊಟ್ಟಿಯಲ್ಲಿ ನೀರು ಕುಡಿಸಿ ಬಂದು ಕೂತ. ಇನ್ನೊಬ್ಬನ ತಾಟಿನಿಂದ ಕೆಂಪು ಚಟ್ನಿಯನ್ನು ಕಿತ್ತುಕೊಂಡಳು. ಹೋದ ವಾರ ಹೊಟ್ಟೆ ಹಿಡಿದುಕೊಂಡು ತನ್ನ ಜಗುಲಿಯ ಮೇಲೆ ಹೊರಳಾಡಿದ್ದನ್ನು ಮರೆತೆಯಾ ಎಂದು ಕೇಳಿ ಮಜ್ಜಿಗೆ ಸುರಿದಳು. ಮೂರನೆಯವನಿಗೆ, ಮಗಳ ಮದುವೆಗೆ ತನ್ನನ್ನು ಕರೆಯಲಿಲ್ಲವೆಂದು ಊಟ ಮುಗಿಯುವ ತನಕ ಬೈದಳು.

ವರ್ತಕ ಕಂಬಳಿಯ ಒಳಗೆ ಬೆರಳು ಮಡಚಿ ಎಣಿಸುತ್ತಿದ್ದ. ಹತ್ತೊಂಬತ್ತು ಮಂದಿಯಲ್ಲಿ ಹದಿನೇಳು ಮಂದಿಗೆ ಬೈಗುಳ ಸಿಕ್ಕಿತು. ತಪ್ಪಿಸಿಕೊಂಡವರು ಇಬ್ಬರೇ. ಒಬ್ಬ, ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದುಹೋದ ಯುವಕ. ಮುದುಕಿಯ ಕಣ್ಣು ತಪ್ಪಿರಬೇಕೆಂದು ವರ್ತಕ ತಿಳಿದುಕೊಂಡ. ಇನ್ನೊಬ್ಬ ತಾನೇ. ತನ್ನ ವೇಷ ಚೆನ್ನಾಗಿತ್ತೆಂದು ಹಿಗ್ಗಿದ. ಆದರೂ ಎಲ್ಲರಿಗೂ ಸಿಕ್ಕಿದ್ದು ತನಗೆ ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಸ್ವಲ್ಪ ಬೇಸರವೂ ಆಯಿತು.

ತನ್ನ ಭೋಜನಶಾಲೆಗೆ ಮರಳಿದವನು ಫಲಕದ ಮೇಲಿನ ದೇವರ ಸಾಲಿಗೆ ಸುಣ್ಣ ಬಳಿದ. ಈ ಜನಕ್ಕೆ ರುಚಿಸುವುದು ಬೈಗುಳವೇ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಹುಟ್ಟಿನಿಂದ ಮೆತ್ತಗಿನ ಮನುಷ್ಯ, ಯಾರನ್ನೂ ಬೈದವನಲ್ಲ. ಅದಕ್ಕೇ ಮೊದಲು ಅಡುಗೆಯವನ ಮೇಲೆ ಅಭ್ಯಾಸ ಮಾಡಿದ. ಅಡುಗೆಯವನು ಸೌಟು ಇಟ್ಟು ತನ್ನ ಬಟ್ಟೆ ಗಂಟು ಕಟ್ಟಿದ. ಅವನನ್ನು ಕಾಲು ಹಿಡಿದು ನಿಲ್ಲಿಸಿಕೊಳ್ಳಬೇಕಾಯಿತು. ಅಡುಗೆಮನೆಯ ಒಳಗೆ ಬೈಯುವಂತಿಲ್ಲ ಎಂಬ ಮಾತಾಯಿತು. ಅಲ್ಲಿಂದ ಮುಂದೆ ವರ್ತಕ ಹಿತ್ತಲಿಗೆ ಹೋಗಿ ಖಾಲಿ ಕೊಡವೊಂದನ್ನು ಎದುರಿಗಿಟ್ಟುಕೊಂಡು ಬೈದು ಬೈದು ನಾಲಗೆ ಪಳಗಿಸಿದ.

ಮರುವಾರದ ಸಂತೆಯ ದಿನ ಮುದುಕಿಯ ಖಾನಾವಳಿಯಲ್ಲಿ ಜಾಗ ಸಾಲದೆ ಕೆಲವರು ಇತ್ತ ಬಂದರು. ವರ್ತಕ ಸೊಂಟದ ಮೇಲೆ ಕೈಯಿಟ್ಟು ನಿಂತ. ಮೊದಲು ಒಳಗೆ ಬಂದವನನ್ನು ಮೂರ್ಖ ಎಂದ. ಆ ಮನುಷ್ಯ ಯಾರನ್ನು ಬೈಯುತ್ತಿದ್ದಾರೆಂದು ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಬಂದವನೂ ತಿರುಗಿ ನೋಡಿದ. ಇನ್ನೊಬ್ಬನಿಗೆ ಎಮ್ಮೆಯ ಹಾಗೆ ಮೇಯುತ್ತೀಯೆ ಎಂದ. ಅವನು ತುತ್ತು ಕೈಯಲ್ಲೇ ಹಿಡಿದು ಕೂತ. ಸಾಲಿನವರೆಲ್ಲ ತಲೆ ತಗ್ಗಿಸಿದರು. ಮುದುಕಿಯಲ್ಲೂ ಜನ ಬೈಸಿಕೊಳ್ಳುವಾಗ ತಲೆ ತಗ್ಗಿಸಿ ಕೂರುತ್ತಿದ್ದರಲ್ಲ ಎಂದು ವರ್ತಕನಿಗೆ ಧೈರ್ಯವೇ ಬಂತು.

ಅಷ್ಟರಲ್ಲಿ ಸಾಲಿನ ಕೊನೆಯವನು ಅರ್ಧ ರೊಟ್ಟಿ ಬಿಟ್ಟು ಎದ್ದ. ವರ್ತಕ ಗುರುತು ಹಿಡಿದ. ಮೊನ್ನೆ ಮುದುಕಿಯ ಕಣ್ಣು ತಪ್ಪಿಸಿದವನೇ. ಆಕೆ ಬಿಟ್ಟದ್ದನ್ನು ತಾನು ಬಿಡಬಾರದೆಂದು ಅವನ ಎದುರಿಗೆ ಹೋಗಿ ನಿಂತು, ಗಾಡಿಯವರ ಮಾತಿನ ಧಾಟಿಯಲ್ಲೇ, "ಅರ್ಧಾ ಬಿಟ್ಟು ಏಳ್ತಿಯೇನಲೇ? ನಿಮ್ಮಪ್ಪ ನಿನಗ ಇದನ್ನ ಕಲಿಸ್ಯಾನೇನು?" ಎಂದ.

ಯುವಕ ವರ್ತಕನ ಮುಖ ನೋಡಿದ, ತಾಟಿನ ಅರ್ಧ ರೊಟ್ಟಿಯನ್ನು ನೋಡಿದ, ಹೊರಗೆ ಹೋದ. ಉಳಿದವರು ಒಬ್ಬರ ಹಿಂದೊಬ್ಬರು ಎದ್ದರು. ಯಾರೂ ಕೂಗಾಡಲಿಲ್ಲ. ನಾಲ್ವರು ವರ್ತಕನ ಕೈಕಾಲು ಹಿಡಿದು ಎತ್ತಿದರು. ಹತ್ತಿಯ ಮೂಟೆ ಹೊರುವ ಹಾಗೆ ಜೋಪಾನವಾಗಿ ಹೊತ್ತು, ರಸ್ತೆಯವರೆಗೆ ಒಯ್ದು, ಎತ್ತುಗಳ ತೊಟ್ಟಿಯೊಳಗೆ ಅವನನ್ನು ಕೂರಿಸಿದರು.

ಫಕೀರವ್ವ ಹೊರಗೆ ಬಂದಳು. ದನ ಕುಡಿಯುವ ನೀರನ್ನು ಕೆಡಿಸಿದರೆಂದು ಮೊದಲು ಗಾಡಿಯವರನ್ನು ಬೈದು, ತೊಟ್ಟಿಯನ್ನು ತೊಳೆದು ತುಂಬಿಸಲು ಹೇಳಿದಳು. ಆಮೇಲೆ ವರ್ತಕನ ರಟ್ಟೆ ಹಿಡಿದು ಎಬ್ಬಿಸಿ ತನ್ನ ಒಲೆಯ ಮುಂದೆ ಕೂರಿಸಿದಳು. ಒಣ ಸೀರೆಯೊಂದನ್ನು ಹೊದೆಯಲು ಕೊಟ್ಟಳು. ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ತಮ್ಮನ ಅಂಗಡಿಯ ಗಜಕೋಲು ಕಣ್ಣ ಮುಂದೆ ಬಂತು.

"ನೀವು ಬೈದ ಹಾಗೆಯೇ ಬೈದೆನಲ್ಲ ಅವ್ವಾ. ನಿಮ್ಮ ಕೈಯಲ್ಲಿ ಬೈಸಿಕೊಳ್ಳಲು ಸಾಲುಗಟ್ಟಿ ಬರುತ್ತಾರೆ. ನನ್ನನ್ನು ಯಾಕೆ ತೊಟ್ಟಿಗೆ ಹಾಕಿದರು?" ಎಂದು ಕೇಳಿದ.

ಮುದುಕಿಯ ದನಿ ಮೊದಲ ಸಲ ತಗ್ಗಿತು. "ಅಂವಾ ಕೆಂಚಪ್ಪ. ಅವರಪ್ಪ ತೀರಿ ಇನ್ನೂ ತಿಂಗಳಾಗಿಲ್ಲ. ಅಪ್ಪ ಮಗ ಕೂಡೇ ಗಾಡಿ ಹೊಡೀತಿದ್ರು, ಕಡೀ ರೊಟ್ಟಿ ಇಬ್ರೂ ಮುರಕೊಂಡು ಉಣ್ಣೋರು. ಈಗೂ ಅಂವಾ ಅರ್ಧಾ ಮುರದು ಬಾಜೂ ಇಟ್ಟು ಏಳ್ತಾನ. ನನ್ನ ಕಡೆ ಕುಂತ್ರ ಅಪ್ಪ ನೆನಪಾಗ್ತಾನಂತ ನಿನ್ನ ಕಡೆ ಬಂದಿದ್ದ."

ವರ್ತಕ ತಲೆಯೆತ್ತಲಿಲ್ಲ. ಮುದುಕಿ ಅವನ ಮುಂದೆ ತಾಟು ಇಟ್ಟಳು. ಮೊನ್ನೆ ಕಂಬಳಿ ಹೊದ್ದು ಬಂದವನು ಮೂರು ದಿನ ಹಸಿದವನ ಹಾಗೆ ಉಂಡೆಯಲ್ಲ, ಅಷ್ಟು ದೊಡ್ಡ ಅಡುಗೆಮನೆ ಕಟ್ಟಿಕೊಂಡು ಹೊಟ್ಟೆಗೆ ತಿನ್ನುವುದಿಲ್ಲವೇ, ಮನೆಯಲ್ಲಿ ಹೆಂಡತಿ ದಾರಿ ಕಾಯುತ್ತಿರುವಾಗ ಒಂದು ಸಲವಾದರೂ ಊರಿಗೆ ಹೋಗಿ ಬಂದೆಯಾ ಎಂದು ಬೈಯತೊಡಗಿದಳು. ಬಹಳ ಹೊತ್ತು ಬೈದಳು. ವರ್ತಕ ತಲೆ ತಗ್ಗಿಸಿ ಉಂಡ. ಎರಡನೆಯ ರೊಟ್ಟಿಯ ಹೊತ್ತಿಗೆ ಅವನ ಚಳಿ ಬಿಟ್ಟಿತ್ತು.

ಮರುದಿನ ಅವನು ಕೆಂಚಪ್ಪನ ಗಾಡಿಯ ಬಳಿ ಹೋಗಿ ನಿಂತ. ಎರಡು ಕೊಡ ನೀರು ತಂದು ಎತ್ತುಗಳ ಮುಂದೆ ಇಟ್ಟ. ಕೆಂಚಪ್ಪ ಬೇಡವೆನ್ನಲಿಲ್ಲ. ಬಲಗಡೆಯದು ತಣ್ಣೀರು ಕುಡಿಯುವುದಿಲ್ಲ, ಅದು ಅಪ್ಪ ಮಾಡಿಸಿದ ಅಭ್ಯಾಸ ಎಂದಷ್ಟೇ ಹೇಳಿದ. ವರ್ತಕ ಹೋಗಿ ನೀರು ಬೆಚ್ಚಗೆ ಮಾಡಿಕೊಂಡು ಬಂದ.

ಅಲ್ಲಿಂದ ದಿನವೂ ತೊಟ್ಟಿ ತುಂಬಿಸುವ ಕೆಲಸವನ್ನು ಅವನೇ ಹಿಡಿದ. ನೀರು ಹೊರುತ್ತ ಮೊದಲು ಎತ್ತುಗಳ ಹೆಸರು ಕಲಿತ, ಆಮೇಲೆ ಗಾಡಿಯವರದು. ಯಾರಿಗೆ ಹಲ್ಲುನೋವು, ಯಾರು ಹೆಂಡತಿಯ ಮೇಲೆ ಮುನಿಸಿಕೊಂಡು ಬಂದಿದ್ದಾರೆ ಎಂಬುದು ನಿಧಾನವಾಗಿ ತಿಳಿಯತೊಡಗಿತು. ಬೈಯಲು ಅವನಿಗೆ ಕೊನೆಗೂ ಬರಲಿಲ್ಲ. ಹಲ್ಲುನೋವಿನವನಿಗೆ ಕೇಳದೆಯೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡುತ್ತಿದ್ದ. ಹೇಗಿದೆ ಎಂದು ಕೇಳುವುದನ್ನು ಬಿಟ್ಟಿದ್ದ. ವರ್ಷ ತುಂಬುವಷ್ಟರಲ್ಲಿ ರಸ್ತೆಯ ಎರಡೂ ಬದಿಗೆ ಗಾಡಿ ನಿಲ್ಲತೊಡಗಿದವು. ಹೆಂಡತಿಯೂ ಬಂದು ಸೇರಿದಳು. ಅಡುಗೆಯವನು ಸೌಟನ್ನು ಆಕೆಗೆ ಬಿಟ್ಟುಕೊಡಲು ಒಪ್ಪದ್ದರಿಂದ ಬಡಿಸುವ ಕೆಲಸ ಹಿಡಿದಳು. ಫಲಕ ಮಳೆಗೆ ಮಾಸಿಹೋಯಿತು. ಹೊಸದು ಬರೆಸುವ ಅಗತ್ಯ ಬೀಳಲಿಲ್ಲ. ಎಂಟು ಹರದಾರಿ ಆಚೆಗೂ ಜನ ಆ ಜಾಗಕ್ಕೆ ತೊಟ್ಟಿ ಸಾವುಕಾರನ ಖಾನಾವಳಿ ಎಂದೇ ಹೆಸರಿಟ್ಟಿದ್ದರು. ಆ ಹೆಸರು ಅವನಿಗೆ ಮೊದಮೊದಲು ಚುಚ್ಚುತ್ತಿತ್ತು. ಆಮೇಲೆ ಯಾರಾದರೂ ಕೇಳಿದರೆ ಅವನೇ ತೊಟ್ಟಿಯನ್ನು ತೋರಿಸಿ ಕತೆ ಹೇಳುತ್ತಿದ್ದ.

ಗುರು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತ್ತು. ತನಗೆ ತಿಳಿಯಿತು, ಬೈಯುವುದೂ ಬೇಕಿಲ್ಲ, ಹೊಗಳುವುದೂ ಬೇಕಿಲ್ಲ, ನಾಳೆಯಿಂದ ಈ ಕತೆಯನ್ನೇ ಪ್ರವಚನದಲ್ಲಿ ಹೇಳುತ್ತೇನೆ, ಜನ ಖಂಡಿತ ಬರುತ್ತಾರೆ ಎಂದ.

ಗುರು ಅವನನ್ನೇ ನೋಡುತ್ತ ಕೇಳಿದರು: "ನೀನಿರುವ ಊರಿನಲ್ಲಿ ಈಗ ಯಾರ ಮನೆಯಲ್ಲಿ ಜ್ವರವಿದೆ?"

ಶಿಷ್ಯ ಎದ್ದು ಕೈಮುಗಿದ. ಅದನ್ನು ತಿಳಿದು ಬರಲು ಆಗಲೇ ಆ ಊರಿನ ದಾರಿ ಹಿಡಿದ.