ತಾಮ್ರಕ್ಕೆ ಏಳು ಪುಟ

ವೈದ್ಯ ಪಂಡಿತರ ಶಿಷ್ಯೆ ನೀಲಾಂಬೆ ದಾರಿ ತಪ್ಪಿ ನಿಂತಾಗ ಸೂರ್ಯ ನೆತ್ತಿಗೆ ಬಂದಿದ್ದ. ಹೊಳೆ ಎರಡು ಕವಲಾಗಿತ್ತು, ಕಾಲುದಾರಿ ಮೂರಾಗಿತ್ತು.

ಬಂಡೆಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದ ಮುದುಕನನ್ನು ಕೇಳಿದಳು. “ಯಜ್ಜಾ, ದುರುಗವ್ವನ ಗುಡಿಸಲು ಎಲ್ಲೈತಿ?”

“ಯಾವ ದುರುಗವ್ವ? ಈ ದಂಡೀಗೆ ನಾಲ್ಕು ಮಂದಿ ಅದಾರ.”

“ಹೊಟ್ಟೆನೋವಿನ ದುರುಗವ್ವ.”

“ನಾಲ್ಕೂ ಮಂದಿಗೆ ಹೊಟ್ಟೆನೋವೈತಿ. ಅವರ ಗಂಡಂದಿರನ್ನ ಕಟ್ಟಿಕೊಂಡಿದ್ರ ನಿನಗೂ ಬರ್ತಿತ್ತು.”

ನೀಲಾಂಬೆಗೆ ನಗು ಬರಲಿಲ್ಲ. “ನಿನ್ನೆ ಪಂಡಿತರ ಆಶ್ರಮದಿಂದ ಮದ್ದು ತಂದಾಕಿ. ಅದನ್ನ ಆಕಿ ನುಂಗಬಾರದು, ಯಜ್ಜಾ. ಲಗೂನ ಹೇಳು.”

ಬಲೆ ಹೆಣೆಯುತ್ತಿದ್ದ ಕೈ ನಿಂತಿತು. “ಹರಗೋಲಿನ ದುರುಗವ್ವ. ಎಡದ ದಾರಿ. ಓಡು.”

ಓಡಿದಳು.

ಆ ಮದ್ದು ಅವಳೇ ಮಾಡಿದ್ದು. ತಾಮ್ರದ ಭಸ್ಮ. ತಾಮ್ರದ ಪುಡಿಯನ್ನು ನಿಂಬೆರಸದಲ್ಲಿ ಅರೆದು, ಬಿಲ್ಲೆ ತಟ್ಟಿ, ಎರಡು ಮಣ್ಣಿನ ತಟ್ಟೆಗಳ ನಡುವೆ ಮುಚ್ಚಿ, ಸಗಣಿ ಕುಳ್ಳಿನ ಬೆಂಕಿಯಲ್ಲಿ ಸುಟ್ಟರೆ ಒಂದು ಪುಟ. ಹಾಗೆ ಏಳು ಪುಟ ಕೊಡು ಎಂದಿದ್ದರು ಅವಳ ಗುರು, ಮಲ್ಲಿಕಯ್ಯ ಪಂಡಿತರು.

ನಾಲ್ಕನೆಯ ಪುಟಕ್ಕೇ ಪುಡಿ ಕಾಡಿಗೆಯಷ್ಟು ನುಣುಪಾಗಿತ್ತು. ಬೆರಳಿನ ಗೆರೆಗಳಲ್ಲಿ ಕೂತಿತು. ನೀರಿನ ಮೇಲೆ ತೇಲಿತು. ಭಸ್ಮ ಬೆಂದಿದ್ದಕ್ಕೆ ಇವೇ ಗುರುತು ಎಂದುಕೊಂಡಳು. ಪಂಡಿತರು ಪಕ್ಕದೂರಿಗೆ ಹೋಗಿದ್ದರು, ದುರುಗವ್ವ ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ಕೂತಿದ್ದಳು. ನೀಲಾಂಬೆ ಕೊಟ್ಟುಬಿಟ್ಟಳು.

ಈ ಬೆಳಿಗ್ಗೆ ಪಂಡಿತರು ಬಂದವರೇ ಉಳಿದ ಪುಡಿಯನ್ನು ನೋಡಿದರು.

“ಎಷ್ಟು ಪುಟ?”

“ನಾಲ್ಕು. ಆದರೆ ಕುಳ್ಳು ಎರಡರಷ್ಟು ಹಾಕಿದ್ದೆ, ಗುರುಗಳೇ. ಲೆಕ್ಕಕ್ಕೆ ಎಂಟಾಯಿತಲ್ಲ?”

ಪಂಡಿತರು ಒಂದು ಚಿಟಿಕೆಯನ್ನು ಮೊಸರಿನ ಬಟ್ಟಲಿಗೆ ಉದುರಿಸಿದರು. ಇಬ್ಬರೂ ಕೂತು ನೋಡಿದರು.

ಪುಡಿ ಬಿದ್ದಲ್ಲೆಲ್ಲ ಮೊಸರು ಹಸಿರಾಯಿತು.

“ಹೊಟ್ಟೆಗೆ ಹೋದರೆ?” ನೀಲಾಂಬೆ ಕೇಳಿದಳು.

“ತಾಮ್ರ ಇನ್ನೂ ಹಸಿ ಇದೆ. ತಲೆ ತಿರುಗುತ್ತದೆ. ಕಾರಿಕೊಳ್ಳುತ್ತಾಳೆ. ವಯಸ್ಸಾದ ಜೀವ, ತಡೆಯದೆಯೂ ಹೋಗಬಹುದು. ನೀನು ಇನ್ನೂ ಇಲ್ಲೇ ಕೂತಿದ್ದೀಯಲ್ಲ?”

ಎಡದ ದಾರಿ ಹಿಡಿದು ನೀಲಾಂಬೆ ಬಂದು ಮುಟ್ಟಿದಾಗ ದುರುಗವ್ವ ಬೋರಲು ಹಾಕಿದ ಹರಗೋಲಿಗೆ ಟಾರು ಬಳಿಯುತ್ತಿದ್ದಳು.

“ಯವ್ವಾ, ಮದ್ದು?”

“ಜೇನಾಗ ಕಲಸಿ ತಿನ್ನು ಅಂದಿ. ನನ್ನ ಮನ್ಯಾಗ ಉಪ್ಪಿಗೇ ಬರ ಐತಿ, ಜೇನು ಯಾರಪ್ಪ ಇಟ್ಟಾನು? ಬೆಲ್ಲದಾಗ ನಡೀತೈತೇನು ಅಂತ ಕೇಳಾಕ ನಾಳೆ ಬರಬೇಕಂತ ಮಾಡಿದ್ದೆ.”

ಸೊಂಟದ ಸಂಚಿಯಿಂದ ಪೊಟ್ಟಣ ತೆಗೆದಳು. ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು.

ನೀಲಾಂಬೆ ಹಸಿ ಟಾರಿಗೇ ಒರಗಿ ಕುಸಿದು ಕೂತಳು. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

“ಸೀರಿ ಹೋತಲ್ಲ ಹುಡುಗಿ!”

“ಹೋಗ್ಲಿ ಬಿಡವ್ವಾ. ಈ ಮದ್ದು ಸರಿಯಾಗಿ ಬೆಂದಿಲ್ಲ. ಬೇಯೋ ಮೊದಲೇ ಕೊಟ್ಟೆ. ತಪ್ಪು ನಂದು.”

ದುರುಗವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹಂಗಾದ್ರ ನನಗೊಂದು ಪೊಟ್ಟಣ ನೀ ಕೊಡೋದೈತಿ.”

“ಕೊಡೋದೈತಿ. ಅಲ್ಲೀತನ ಶುಂಠಿ ಕಷಾಯ ಕುಡಿ.”

ಪೊಟ್ಟಣವನ್ನು ಆಶ್ರಮಕ್ಕೆ ತಂದು ಅದೇ ಪುಡಿಗೆ ಮತ್ತೆ ಪುಟ ಕೊಟ್ಟಳು. ಐದನೆಯ ಪುಟದ ಪುಡಿಗೂ ಮೊಸರು ಹಸಿರಾಯಿತು. ಆರನೆಯದಕ್ಕೆ ಒಂದಿಷ್ಟು ಛಾಯೆ. ಏಳನೆಯದನ್ನು ಒಂದು ಹಗಲು, ಒಂದು ರಾತ್ರಿ ಇಟ್ಟು ನೋಡಿದರೂ ಮೊಸರು ಬೆಳ್ಳಗೇ ಇತ್ತು.

ನೀಲಾಂಬೆ ಮತ್ತೆ ಕುಳ್ಳು ಜೋಡಿಸಿದಳು.

ಎಂಟು. ಮೊಸರು ಬಿಳಿ. ಮತ್ತೆ ಜೋಡಿಸಿದಳು. ಪಂಡಿತರು ಜಗಲಿಯಲ್ಲಿ ಕೂತು ನೋಡಿದರು, ಬೇಡ ಎನ್ನಲಿಲ್ಲ.

ಒಂಬತ್ತನೆಯ ಬೂದಿ ಆರಿದ ಮೇಲೆ ಅವಳು ಹತ್ತಕ್ಕೆ ಕೈಹಾಕಿದಳು. ಪಂಡಿತರು ಎದ್ದು ಜೇನಿನ ಕುಡಿಕೆ ತೆಗೆದುಕೊಂಡರು, ಮೆಟ್ಟು ಹಾಕಿಕೊಂಡರು.

“ನಡಿ. ಹೊಟ್ಟೆನೋವು ಅವಳದು, ನಿನ್ನದಲ್ಲ.”

ಹರಗೋಲಿನ ನೆರಳಲ್ಲಿ ನೀಲಾಂಬೆ ಸಾಸಿವೆ ಕಾಳಿನಷ್ಟು ಭಸ್ಮವನ್ನು ಜೇನಿನಲ್ಲಿ ಕಲಸಿ ಕೊಟ್ಟಳು. ದುರುಗವ್ವ ನೆಕ್ಕಿ ನುಂಗಿದಳು. ನೀಲಾಂಬೆ ಕಣ್ಣು ಮಿಟುಕಿಸದೆ ಅವಳ ಮುಖವನ್ನೇ ನೋಡುತ್ತ ಕೂತಳು.

“ಏನವ್ವ, ಹೆಣ ಕಾಯೋರ ಹಂಗ ಕುಂತೀಯಲ್ಲ?”

ಬಿಸಿಲು ಇಳಿಯಿತು. ದುರುಗವ್ವ ಕಾರಿಕೊಳ್ಳಲಿಲ್ಲ. ಹಸಿವಾಯಿತೆಂದು ಗಂಜಿ ಕುಡಿದಳು, ಬಟ್ಟಲು ಬಳಿದಳು. ಆಗ ನೀಲಾಂಬೆ ಉಳಿದ ಮದ್ದಿನ ಪೊಟ್ಟಣವನ್ನು ಅವಳ ಅಂಗೈಯಲ್ಲಿಟ್ಟಳು.

“ನಿಂದು ನಿನಗೆ ಮುಟ್ಟಿತು, ಯವ್ವಾ.”

“ಮುಟ್ಟಿತು. ಆದ್ರ ಇಷ್ಟು ದಿನ ಯಾಕ ಬೇಕಾತು, ಪಂಡಿತ್ರ?”

“ತಾಮ್ರ ಏಳಕ್ಕೇ ಬೆಂದಿತ್ತು, ತಾಯಿ,” ಎಂದರು ಪಂಡಿತರು. “ಮೇಲಿನ ಎರಡು ಪುಟ ಇವಳಿಗೆ.”